ಚರ್ಚಿಗೊಬ್ಬನೇ ವರ

ಮೇಕನ್, ಜಾರ್ಜಿಯಾ
14 ಮೇ 2007

ಅರ್ಲೀನ್,

ನಾವು ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವುದಿಲ್ಲ, ನಿನ್ನೆ ತಾಯಂದಿರ ದಿನಕ್ಕೆ ಹಾಕಿಕೊಂಡಿದ್ದ ಹೊಸ ಟೋಪಿ ನೋಡಿದೆ. ಈಸ್ಟರಿನಿಂದ ನಿನ್ನ ಫೋನೂ ಎತ್ತದೆ ಈಗ ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಎರಡು ಬೀದಿ ಆಚೆ ಇರುವವಳಿಗೆ ಕಾಗದವೇಕೆ ಎನ್ನಬೇಡ. ಎದುರು ನಿಂತರೆ ಏನಾದರೂ ಹೇಳಿ ನಗಿಸಿಬಿಡುತ್ತೀಯ. ಈ ಸಲ ನನಗೆ ನಗುವುದು ಬೇಕಿಲ್ಲ.

ನನ್ನ ಲಟ್ರೀಸ್ ಶನಿವಾರ ಅಟ್ಲಾಂಟಾಕ್ಕೆ ಹೊರಡುತ್ತಾಳೆ. ಅಲ್ಲಿನ ಆಸ್ಪತ್ರೆಯ ಇಡೀ ಲ್ಯಾಬಿಗೆ ಅವಳೇ ಮೇಲ್ವಿಚಾರಕಿ. ಕುಣಿಯಬೇಕಾದ ಸುದ್ದಿ, ಆದರೆ ಹುಡುಗಿ ಅಳುತ್ತ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ನಿನ್ನ ಮಗ ಬಾಯಿಬಿಟ್ಟು ಮದುವೆಯ ಮಾತೊಂದು ಆಡಿದ್ದರೆ ಅವಳು ಆ ಕೆಲಸದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನಿನ್ನೆ ಆರಾಧನೆ ಮುಗಿದ ಮೇಲೆ ನಿನ್ನ ಸೆಡ್ರಿಕ್ ಚರ್ಚಿನ ಊಟದ ಹಾಲಿನಲ್ಲಿ ಎಂದಿನಂತೆ ಮದುಮಗನ ಹಾಗೆ ಕುಳಿತಿದ್ದ. ಹೆಂಗಸರು ಒಬ್ಬೊಬ್ಬರಾಗಿ ಫಾಯಿಲ್ ಮುಚ್ಚಿದ ತಟ್ಟೆ ತಂದಿಟ್ಟರು. ಹುರಿದ ಮೀನು, ಗೆಣಸಿನ ಪೈ, ಇನ್ನೇನೇನೋ. ಟೀಚರು, ನರ್ಸು, ಬ್ಯಾಂಕಿನವಳು, ಎಲ್ಲರೂ ಒಬ್ಬ ಪೋಸ್ಟ್‌ಮ್ಯಾನಿಗೆ! ಆರು ವರ್ಷದಿಂದ ಅವನ ಜೊತೆ ಓಡಾಡುವ ನನ್ನ ಮಗಳೂ ಅದೇ ಸಾಲಿನಲ್ಲಿ ನಿಲ್ಲಬೇಕು.

"ಹೋಗ್ಲಾ, ಇರ್ಲಾ? ಒಂದು ಮಾತು ಹೇಳು ಸೆಡ್ರಿಕ್," ಎಂದಳು.

"ಆತುರ ಏನೇ? ಹೀಗೇ ಚೆನ್ನಾಗಿದೀವಲ್ಲ. ಅಮ್ಮಾನೂ ಹೇಳ್ತಾಳೆ, ಅಂಗಡಿ ತುಂಬ ಮಾಲಿರುವಾಗ ಗಡಿಬಿಡಿ ಮಾಡ್ಬೇಡ ಅಂತ."

ಲಟ್ರೀಸ್ ತಾನು ಕೊಟ್ಟ ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡಳು. "ಹಾಗಾದ್ರೆ ಬೇರೆ ಮಾಲು ತಿನ್ನು," ಎಂದು ಹೊರಟೇಬಿಟ್ಟಳು. ಅವನು ಎದ್ದು ಹಿಂದೆ ಹೋದನೆಂದುಕೊಂಡೆಯಾ? ಪಕ್ಕದ ತಟ್ಟೆಯ ಫಾಯಿಲ್ ಬಿಚ್ಚಿದ.

ಮಾಲಂತೆ! ಏನು ಸೊಕ್ಕೇ ನಿನಗೆ! ಅವನ ಜೊತೆ ದೀಕ್ಷಾಸ್ನಾನ ಪಡೆದ ನಮ್ಮ ಕಪ್ಪು ಹುಡುಗರಲ್ಲಿ ಯಾರು ಉಳಿದಿದ್ದಾರೆ? ಕೆಲವರು ಜೈಲಿನಲ್ಲಿ, ಕೆಲವರು ಮಣ್ಣಿನಡಿ, ಮಿಕ್ಕವರಿಗೆ ಈ ಊರಲ್ಲಿ ಕೆಲಸ ಕೊಡುವವರಿಲ್ಲ. ಬೇರೆ ಗಂಡಿಲ್ಲದ್ದಕ್ಕೆ ನಿನ್ನ ಮಗ ಗಂಡಾದ, ಅಷ್ಟೇ.

ಇಲ್ಲಿನ ಲ್ಯಾಬಿನಲ್ಲಿ ಲಟ್ರೀಸ್ ಪಕ್ಕ ಕೂರುವ ಶೆಲ್ಬಿ ಎಂಬ ಬಿಳಿ ಹುಡುಗಿ ಓದು ಮುಗಿಸಿದ ವರ್ಷವೇ ಮದುವೆಯಾದಳು. ಗಂಡನ ಸಂಬಳ ಸಾಕು ಎಂದು ಈಗ ಅರ್ಧ ದಿನ ಬರುತ್ತಾಳೆ, ಉಳಿದರ್ಧ ಇವಳ ತಲೆಗೆ. ಅದರ ಮೇಲೆ ಉಪದೇಶ ಬೇರೆ: "ನಿಂಗೆ ಕೆಲಸಾನೇ ಪ್ರಾಣ ಬಿಡು. ಸ್ವಲ್ಪ ಕೆಳಗಿಳಿದು ಗಂಡು ಹುಡುಕಬಾರ್ದಾ?"

"ಕೆಳಗೆ ಇಳಿದ್ರೆ ಅಲ್ಲಾದ್ರೂ ಯಾರಿದಾರೆ?" ಎಂದಳಂತೆ ನಮ್ಮವಳು. ಶೆಲ್ಬಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳಿಗೆ ಗೊತ್ತಿಲ್ಲ, ಹೋಗಲಿ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮಗನಿಗೆ ಈ ವ್ಯಾಪಾರ ಕಲಿಸಿದೆ.

ಇನ್ನು ನನ್ನ ಬಾಗಿಲಿಗೆ ಬರಬೇಡ. ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ, ನಿನ್ನ ಮಗನಿಗೆ ಒಳ್ಳೆಯ ಹಸಿವು ಕೊಡಲಿ, ಇಬ್ಬರನ್ನೂ ಕೊನೆಯವರೆಗೂ ಒಂದೇ ಮನೆಯಲ್ಲಿಟ್ಟಿರಲಿ.

ವರ್ನೆಲ್

ತಾ.ಕ.: ಈಸ್ಟರಿನ ದಿನ ಚರ್ಚಿನ ಅಡುಗೆಮನೆಯಲ್ಲಿ ನೀನು, "ವರ್ನೆಲ್ ಮಗ ಮಾರ್ಲನ್‌ಗೂ ಹನ್ನೆರಡು ವರ್ಷ ಜೈಲಾಯ್ತಂತೆ. ನಮ್ ಸೆಡ್ರಿಕ್ ರೇಟು ಇನ್ನೂ ಏರ್ತು ಬಿಡ್ರೇ!" ಎಂದೆ. ಎಲ್ಲರೂ ನಕ್ಕರು. ನಾನು ಬಾಗಿಲಾಚೆಯೇ ಇದ್ದೆ. ಮೊನ್ನೆ ಜೈಲಿಗೆ ನೋಡಲು ಹೋದಾಗ ಮಾರ್ಲನ್, "ಅರ್ಲೀನ್ ಆಂಟಿ ನನ್ನ ವಿಚಾರಿಸ್ತಾರಾ ಅಮ್ಮಾ?" ಎಂದು ಕೇಳಿದ. "ಪ್ರತಿ ವಾರ ವಿಚಾರಿಸ್ತಾಳೆ ಕಂದಾ," ಎಂದೆ.