ಅಮ್ಮನ ಪರೀಕ್ಷೆ

ತಮ್ಮಾ,

ನಿನ್ನ ಮಗಳ ಅಂಗಿ ಹೊಲಿದಿಟ್ಟಿದ್ದೇನೆ. ಬೆಳೆದಂತೆ ಹೊಲಿಗೆ ಬಿಚ್ಚಿಕೊಳ್ಳಲು ತೋಳಿನಲ್ಲಿ ಬಟ್ಟೆ ಬಿಟ್ಟಿದ್ದೇನೆ.

ಚಿಕ್ಕಂದಿನಲ್ಲಿ ಸುಸ್ತು ಅಂದರೆ ಅಮ್ಮ ನಮ್ಮ ರೆಪ್ಪೆ ಎಳೆದು ನೋಡಿ, ‘ಕಣ್ಣು ಬೆಳ್ಳಗಿದೆ, ಕಾಮಾಲೆ ಇಲ್ಲ, ಆಡ್ಕೋ ಹೋಗು’ ಅಂತಿದ್ದಳಲ್ಲ? ನನ್ನ ಕಣ್ಣು ಈಗಲೂ ಬೆಳ್ಳಗೇ ಇದೆ. ಆದರೆ ಹೆಪಟೈಟಿಸ್ ಬಿ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೇ ಕೂತು ಲಿವರನ್ನು ಗಟ್ಟಿ ಮಾಡಿದೆ, ಅದರಲ್ಲೊಂದು ಕ್ಯಾನ್ಸರ್ ಗಡ್ಡೆಯೂ ಬೆಳೆದಿದೆ. ಗಡ್ಡೆ ಚಿಕ್ಕದು, ಚಿಕಿತ್ಸೆ ಇದೆ. ಗಾಬರಿಯಾಗಬೇಡ.

ಈ ವೈರಸ್ ನನಗೆ ಹುಟ್ಟುವಾಗಲೇ ಅಮ್ಮನಿಂದ ಬಂದಿರಬಹುದು ಅಂದರು ಡಾಕ್ಟರು. ಹಾಗಾದರೆ ನಿನಗೂ ಇರಬಹುದು. ಕನ್ನಡಿಯಲ್ಲಿ ಕಣ್ಣು ನೋಡಿಕೊಂಡು ಸುಮ್ಮನಾಗಬೇಡ, ನಾಳೆಯೇ ರಕ್ತ ಕೊಟ್ಟು ಬಾ. ಮಗುವಿಗೆ ಲಸಿಕೆ ಆಗಿದೆಯಾ ನೋಡು.

ಅಮ್ಮನ ರಕ್ತಪರೀಕ್ಷೆ ನಾನು ಮಾಡಿಸುತ್ತೇನೆ. ನನಗೆ ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಅವಳ ಮುಂದೆ ಬಾಯಿಬಿಡಬೇಡ. ನಿನ್ನೆಯೂ ನನ್ನ ರೆಪ್ಪೆ ಎಳೆದು, ‘ಬೆಳ್ಳಗಿದೆ, ಏನಿಲ್ಲ ಬಿಡೇ’ ಅಂದಳು.

ನಾನು ‘ಹೂಂನಮ್ಮಾ’ ಅಂದೆ.

ನಿನ್ನ ಅಕ್ಕ