ಹದಿಮೂರನೆಯ ಜೋಡಿ

13 ಜನವರಿ 2017, ಶುಕ್ರವಾರ. ಬೆಳಿಗ್ಗೆ 9.40, ಐಸ್ ರಿಂಕ್‌ನ ಬೆಂಚು

ಮಗಳು ಲುಜೈನ್ ಮಡಿಲಲ್ಲಿ. ರಾತ್ರಿ ಮತ್ತೆ ಎರಡೇ ಗಂಟೆ ನಿದ್ದೆ, ಅದೂ ತುಂಡು ತುಂಡು. ಮಗ ಸಾದ್‌ನ ಸ್ಕೇಟ್ಸ್ ಬಿಗಿದು ಐಸ್ ಮೇಲೆ ಬಿಟ್ಟೆ. ನಂಬರ್ ನಾಲ್ಕರ ಜೆರ್ಸಿ, ಮಂಡಿಯವರೆಗೆ ಜೋಲುತ್ತದೆ. ಮಾಲ್‌ನವರು ಹೊರಬಾಗಿಲು ತೆರೆದರೆ ಸಾಕು, ಕಡಲಿನ ಸೆಕೆ ಒಳಗೆ ನುಗ್ಗಿ ಐಸ್ ಮೇಲೆ ಮಂಜು ಏಳುತ್ತದೆ. ಮಕ್ಕಳು ಸೊಂಟದಿಂದ ಕೆಳಗೆ ಕಾಣುವುದಿಲ್ಲ. ಇವರು ಹಿಂದಿನ ಮೆಷಿನ್ ರೂಮಿನಲ್ಲಿ. ಮಲ್ಪೆಯಲ್ಲಿ ಮೀನಿಗೆ ಐಸ್ ಮಾಡುತ್ತಿದ್ದ ನನ್ನ ಗಂಡ ಸುಹೈಲ್, ಸೌದಿಯ ಈ ಯಾನ್ಬುವಿನಲ್ಲಿ ಮಕ್ಕಳ ಹಾಕಿ ಆಟಕ್ಕೆ ಐಸ್ ಕಾಯುತ್ತಾರೆ.

ಸ್ಕೇಟ್ಸ್ ಹಾಕಲು ಮಕ್ಕಳು ಬಿಚ್ಚಿಟ್ಟ ಶೂಗಳ ಸ್ಟ್ಯಾಂಡ್ ನೋಡಿದೆ. ಹನ್ನೆರಡು ಜೋಡಿ. ಸರಿ.

ಮಕ್ಕಳನ್ನು ಎಣಿಸುವುದಿಲ್ಲ ನಾನು. ಅಜ್ಜಿ ಕಲಿಸಿದ್ದು. ತಲೆ ಎಣಿಸಿದರೆ ಕಣ್ಣು ತಾಗುತ್ತದೆ, ತಟ್ಟೆ ಎಣಿಸು, ಚಪ್ಪಲಿ ಎಣಿಸು. ಹಿಸ್ಟರಿಯಲ್ಲಿ ಬಿ.ಎ. ಮಾಡಿದರೂ ಅದು ಬಿಟ್ಟುಹೋಗಲಿಲ್ಲ. ನವೆಂಬರಿನಿಂದ ಇನ್ನೂ ಜಾಸ್ತಿ. ಅವತ್ತು ಲುಜೈನ್‌ಗೆ ಹಾಲು ಕೊಡುತ್ತಾ ನಿದ್ದೆಗೆ ಜಾರಿದ್ದೆ. ಸಾದ್ ಶಾಲೆಯ ಗೇಟಿನಲ್ಲಿ ನಲವತ್ತು ನಿಮಿಷ ಒಬ್ಬನೇ ನಿಂತಿದ್ದ. ಅಳಲಿಲ್ಲ. "ಉಮ್ಮಾ, ಯಾಕೆ ಬರ್ಲಿಲ್ಲ?" ಎಂದು ಮಾತ್ರ ಕೇಳಿದ. ಆ ಮಾತು ಈಗಲೂ ಕಿವಿಯಲ್ಲಿದೆ...

ಅದೇ ದಿನ, ಅಸರ್ ನಮಾಝ್ ಕಳೆದು

ಬರೆಯಲು ಮರೆತಿದ್ದೆ. ಕೋಚ್ ನನಗೊಂದು ಕೆಲಸ ಕೊಟ್ಟಿದ್ದಾರೆ. ಫೆಬ್ರವರಿ ಕೊನೆಗೆ ರಿಂಕ್ ಬಂದ್. ಮಾಲ್‌ನವರು ಅಲ್ಲಿ ಬೇರೆ ಏನೋ ಮಾಡುತ್ತಾರಂತೆ. ಅಷ್ಟರೊಳಗೆ ಯಾನ್ಬು ಜೂನಿಯರ್ಸ್ ಐಸ್ ಹಾಕಿ ತಂಡದ ಚರಿತ್ರೆ ಬೇಕು, ಸಣ್ಣ ಪುಸ್ತಕ, ಮಕ್ಕಳಿಗೆ ನೆನಪಿಗೆ. ಕೋಚ್ ಕೆನಡಾದವರು, ಇಲ್ಲಿನ ತೈಲ ಪ್ಲಾಂಟಿನಲ್ಲಿ ಎಂಜಿನಿಯರ್, 2008ರಲ್ಲಿ ತಂಡ ಕಟ್ಟಿದವರೂ ಅವರೇ. ಒಂದು ಕಾರ್ಟನ್ ತುಂಬ ರಿಜಿಸ್ಟರ್, ಫೋಟೋ.

ಇವರು ನಕ್ಕರು. "ಎಂತ ಮಾರಾಯ್ತಿ, ಬಿ.ಎ. ಕಡೆಗೂ ಉಪಯೋಗಕ್ಕೆ ಬಂತಲ್ಲ!"

20 ಜನವರಿ, ಶುಕ್ರವಾರ

ಪ್ರಾಕ್ಟೀಸ್ ಮುಗಿಯುವಾಗ ಒಂದು ಪದ್ಧತಿ. ಕೋಚ್ ಕೋಲಿನಿಂದ ಬೋರ್ಡಿಗೆ ಎರಡು ಸಲ ಬಡಿಯುತ್ತಾರೆ. ಮಕ್ಕಳು ಇದ್ದಲ್ಲಿಂದಲೇ ತಮ್ಮ ತಮ್ಮ ನಂಬರ್ ಕೂಗಬೇಕು. ಒಂದರಿಂದ ಹದಿಮೂರು. ಒಂಬತ್ತು ಯಾರಿಗೂ ಇಲ್ಲ. ಹಾಗಾಗಿ ಹನ್ನೆರಡು.

ಇವತ್ತು ಮಂಜು ದಟ್ಟ ಇತ್ತು. ಸಿಕ್ಸ್. ಸೆವೆನ್. ಎಯ್ಟ್.

ನೈನ್.

ತೆಳ್ಳಗಿನ ದನಿ, ಗೋಲಿನ ಹಿಂದಿನಿಂದ. ಆಮೇಲೆ ಟೆನ್. ಕೋಚ್ ಐಸ್‌ಗೆ ಬೆನ್ನು ಹಾಕಿ ನಿಂತಿದ್ದರು. ಯಾರದು ಎಂದು ಕೇಳಿದೆ. "ಎಕೋ" ಎಂದರು. ಮುಖ ನೋಡಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಸಾದ್‌ನನ್ನು ಕೇಳಿದೆ.

"ಅವನು ಯಾವಾಗ್ಲೂ ಅಲ್ಲೇ ಇರ್ತಾನೆ ಉಮ್ಮಾ. ಹೊರಗೆ ಬರುದಿಲ್ಲ."

"ಯಾಕೆ?"

"ಅವನಿಗೆ ಶೂ ಇಲ್ಲ ಅಲ್ವಾ?" ಇಷ್ಟೂ ಗೊತ್ತಿಲ್ಲವಾ ಎಂಬ ಹಾಗೆ ನನ್ನನ್ನು ನೋಡಿದ.

24 ಜನವರಿ

ಚರಿತ್ರೆ ಮುಂದುವರಿದಿದೆ. ಮೊದಲ ವರ್ಷದ ಕೋಲುಗಳು ಪ್ಲಾಂಟಿನ ಬಡಗಿ ಮಾಡಿದ್ದು. 2009ರಲ್ಲಿ ಜಿದ್ದಾದ ತಂಡದೆದುರು ಹನ್ನೊಂದು–ಸೊನ್ನೆ ಸೋಲು. 2011ರಲ್ಲಿ ಒಂದು ಗೆಲುವು, ಅದೊಂದೇ. ಫೋಟೋದಲ್ಲಿ ಎಲ್ಲರ ಬಾಯಿಯಲ್ಲೂ ಖರ್ಜೂರ.

ಪ್ರತಿ ವರ್ಷದ ಪಟ್ಟಿಯಲ್ಲಿ ಅರ್ಧ ಹೆಸರಿನ ಮುಂದೆ ಒಂದೇ ಶಬ್ದ — ಎಕ್ಸಿಟ್. ಅಪ್ಪನ ಕೆಲಸ ಹೋಯಿತು, ಇಲ್ಲಿರುವ ಪರವಾನಗಿ ಇಕಾಮಾ ಮುಗಿಯಿತು, ವಾರದೊಳಗೆ ಊರಿಗೆ. ಹೋಗುವವರು ಜೆರ್ಸಿ ಕೊಟ್ಟು ಹೋಗಬೇಕು. ಕೊಟ್ಟ ಮೇಲೆಯೇ ಆ ನಂಬರ್ ಇನ್ನೊಬ್ಬನಿಗೆ. ಇದು ಕೋಚ್‌ನ ನಿಯಮ.

ಒಂಬತ್ತು ವಾಪಸ್ ಬಂದಿಲ್ಲ.

ರಿಜಿಸ್ಟರಿನಲ್ಲಿ 2010ರ ನವೆಂಬರ್ 12, ಕೋಚ್‌ನ ಅಕ್ಷರ: ನಂ. 9, ಮುಝಫ್ಫರ್, ಎಂಟು ವರ್ಷ. ತಾಯಿ ಬರಲಿಲ್ಲ. ಎಲ್ಲರೂ ಹೋದ ಮೇಲೂ ಐಸ್ ಬಿಟ್ಟು ಬರಲು ಒಪ್ಪಲಿಲ್ಲ. ಸುತ್ತುತ್ತಲೇ ಇದ್ದ. ಮೂರು ಗಂಟೆಗೆ ಮಾವ ಬಂದು ಶೂ ಹಾಕಿಸಿ, ಜೆರ್ಸಿಯಲ್ಲೇ ಎತ್ತಿಕೊಂಡು ಹೋದರು.

ಮುಂದಿನ ವಾರದ ಪುಟದಲ್ಲಿ: ತಾಯಿ ಇವನನ್ನು ಕರೆದೊಯ್ಯಲು ಬರುತ್ತಿದ್ದ ಟ್ಯಾಕ್ಸಿಗೆ ಅಪಘಾತ.

ರಿಜಿಸ್ಟರ್ ಮುಚ್ಚಿ ಹೋಗಿ ಸಾದ್‌ನ ಹಣೆ ಮುಟ್ಟಿ ಬಂದೆ. ಎರಡು ಸಲ.

29 ಜನವರಿ

ಮೇಲಿನ ಫ್ಲ್ಯಾಟಿನ ರಹ್ಮತ್ ಆಪಾ ಭಟ್ಕಳದವರು. ಮುಝಫ್ಫರ್‌ನ ಮನೆಯವರು ಗೊತ್ತಂತೆ. ಅವನು ಬದುಕಿದ್ದಾನಾ ಎಂದು ಕೇಳಿದೆ.

"ಮುಝಫ್ಫರ್ ಸತ್ತಿಲ್ಲ, ನೀನೊಬ್ಬಳು! ಈಗ ಹತ್ತನೇ ಕ್ಲಾಸು. ಗಡ್ಡ ಬಿಡ್ಲಿಕ್ಕೆ ನೋಡ್ತಾ ಇದ್ದಾನೆ, ಬರ್ತಾ ಇಲ್ಲ."

ಎಷ್ಟು ಹಗುರವಾಯಿತು! ಹಾಗಾದರೆ ಎಕೋ. ನನ್ನ ನಿದ್ದೆಗೇಡು. ಆಪಾ ಅಲ್ಲೇ ವಾಟ್ಸಾಪ್ ಕಳಿಸಿದರು. ಸಂಜೆ ಅವನ ದನಿ ಬಂತು, ಒಡೆಯುತ್ತಿರುವ ಗಂಡುದನಿ:

"ಐಸಾ? ನಾನು ಸ್ಕೇಟಿಂಗ್ ಮಾಡಿದ್ದೇ ನೆನಪಿಲ್ಲ ಅಕ್ಕಾ. ಜೆರ್ಸಿ ಫೋಟೋದಲ್ಲಿ ನೋಡಿದ್ದೇನೆ, ಅಷ್ಟೆ. ಮಾವ ಹೇಳ್ತಾರೆ, ಊರಿಗೆ ಬಂದ ಮೇಲೆ ನಾನು ಒಂದು ದಿನವೂ ಅಮ್ಮನನ್ನು ಕೇಳಲಿಲ್ಲ ಅಂತ. ಕಾಯಲೇ ಇಲ್ಲ ಅಂತ."

ನಾಲ್ಕು ಸಲ ಕೇಳಿದೆ. ಅವನು ಕಾಯಲಿಲ್ಲ. ಕಾಯುವವನನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ.

3 ಫೆಬ್ರವರಿ, ಶುಕ್ರವಾರ

ಸ್ಟ್ಯಾಂಡಿನಲ್ಲಿ ಹನ್ನೆರಡು ಜೋಡಿ. ಕೂಗಿದ್ದು ಹದಿಮೂರು. ಹತ್ತನೇ ನಂಬರಿನ ಹುಡುಗ ತನ್ನದನ್ನು ಕೂಗುವ ಮುಂಚೆ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾನೆ. ಇವತ್ತು ಗಮನಿಸಿದೆ. ಎಲ್ಲ ಮಕ್ಕಳಿಗೂ ಗೊತ್ತು.

ಇವರಿಗೆ ಹೇಳಿದೆ. "ಮೊದಲು ನಿದ್ದೆ ಮಾಡು" ಎಂದರು. ಸಿಟ್ಟಿನಿಂದಲ್ಲ. ಲುಜೈನ್‌ಳನ್ನು ಎತ್ತಿಕೊಂಡು ಹೊರಗೆ ಹೋದರು. ಮಲಗಿದೆ. ನಿದ್ದೆ ಬರಲಿಲ್ಲ. ರಿಂಕ್ ಬಂದ್ ಆಗಿ ಐಸ್ ಕರಗಿದರೆ ಅವನು ಎಲ್ಲಿ ನಿಲ್ಲುತ್ತಾನೆ?

19 ಫೆಬ್ರವರಿ

ಎರಡು ವಾರ ಬರೆಯಲಿಲ್ಲ. ಲುಜೈನ್‌ಗೆ ಜ್ವರ ಬಂದು ಹೋಯಿತು. ಚರಿತ್ರೆ ಮುಗಿಯಿತು, ಹದಿನೆಂಟು ಪುಟ. ಅರವತ್ತೊಂದು ಹೆಸರು. ಪಟ್ಟಿಯಲ್ಲಿ ಮುಝಫ್ಫರ್‌ನ ಮುಂದೆ ಎಕ್ಸಿಟ್ ಎಂದು ಹಾಕಲು ಕೈ ಬರಲಿಲ್ಲ. ಖಾಲಿ ಬಿಟ್ಟೆ.

ಅಜ್ಜಿಯ ಇನ್ನೊಂದು ಮಾತು ನೆನಪಾಗುತ್ತಿದೆ. ಪೆರ್ನಾಲ್ ಹಬ್ಬಕ್ಕೆ ಮನೆ ತುಂಬ ಮಕ್ಕಳು. ತಟ್ಟೆ ಒಂದು ಕಮ್ಮಿ ಬಿದ್ದಿತ್ತು. ಯಾವ ಮನೆಯ ಮಗು ಹೆಚ್ಚಾಗಿ ಬಂದಿದೆ ಎಂದು ನಾನು ಹುಡುಕಲು ಹೊರಟೆ. ಅಜ್ಜಿ ಕೈ ಹಿಡಿದು ಎಳೆದರು. "ಮಗು ಹೆಚ್ಚಾಯ್ತು ಅಂತ ಹೇಳ್ಬೇಡ. ತಟ್ಟೆ ಕಮ್ಮಿ ಆಯ್ತು ಅನ್ನು. ಒಂದು ತಟ್ಟೆ ತೆಗೆದಿಡು."

ಸಾದ್‌ನ ಹಳೆಯ ನೀಲಿ ಶೂ ಇದೆ. ಎಡಗಾಲಿನ ವೆಲ್ಕ್ರೋ ಹರಿದಿದೆ. ಒರೆಸಿ ಇಟ್ಟೆ.

24 ಫೆಬ್ರವರಿ, ಶುಕ್ರವಾರ. ಬೆಳಿಗ್ಗೆ 9.15

ಕೊನೆಯ ಪ್ರಾಕ್ಟೀಸ್. ಯಾರೂ ನೋಡದಾಗ ನೀಲಿ ಶೂವನ್ನು ಸ್ಟ್ಯಾಂಡಿನ ಕೊನೆಯಲ್ಲಿ ಇಟ್ಟೆ. ಎಣಿಸಿದೆ. ಹದಿಮೂರು.

10.50

ಹದಿಮೂರು ಕೂಗು. ಹದಿಮೂರು ಜೋಡಿ. ಎಷ್ಟೋ ದಿನಗಳ ಮೇಲೆ ಎದೆಯ ಭಾರ ಇಳಿಯಿತು. ಅಲ್‌ಹಮ್ದುಲಿಲ್ಲಾಹ್. ಇವತ್ತು ನಿದ್ದೆ ಮಾಡುತ್ತೇನೆ.

ಮಧ್ಯಾಹ್ನ 12.25, ಮನೆ

ಜುಮಾ ಹೊತ್ತಾಯಿತೆಂದು ಬಸ್ಸಿನವನ ಅವಸರ. "ಯಲ್ಲಾ, ಯಲ್ಲಾ!" ಇವರು ಮೆಷಿನ್ ಆಫ್ ಮಾಡಿ, ಅಲ್ಲೇ ನಮಾಝ್ ಮುಗಿಸಿ ಬರುತ್ತಾರೆ. ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು, ಮಂಜು ಬೆಂಚಿನವರೆಗೆ. ಲುಜೈನ್ ಅಳು. ಸ್ಟ್ಯಾಂಡ್ ಕಡೆ ನೋಡಲಾಗಲಿಲ್ಲ. ಮಂಜಿನೊಳಗಿನಿಂದ ಮಂಕಿ ಕ್ಯಾಪನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದು ಕೈ ಹಿಡಿದ. ಗ್ಲೌಸ್ ಒಳಗೂ ಬೆರಳು ಮಂಜುಗಡ್ಡೆ. ಬಸ್ಸಿನಲ್ಲಿ ನನಗೆ ಒರಗಿ ಕೂತ. ಮಾತಿಲ್ಲ. ಕೊನೆಯ ದಿನ, ಬೇಜಾರು ಇರಬೇಕು.

ಅನ್ನ ಹಾಕಿದೆ. ಮೂರು ಸಲ ಹಾಕಿಸಿಕೊಂಡ. ಕ್ಯಾಪ್ ತೆಗೆಯಲಿಲ್ಲ. ಈಗ ಒಳಗೆ ಲುಜೈನ್‌ಳನ್ನು ತೂಗುತ್ತಿದ್ದಾನೆ. ಎಂದೂ ತೂಗಿದವನಲ್ಲ. ಅವಳೂ ಸುಮ್ಮನಾಗಿದ್ದಾಳೆ. ನನಗೆ ಕಣ್ಣು ಎಳೆಯುತ್ತಿದೆ...

12.50

ಕಸ ಗುಡಿಸಲು ಬಾಗಿಲ ಬಳಿ ಹೋದೆ. ನನ್ನ ಚಪ್ಪಲಿ. ಪಕ್ಕದಲ್ಲಿ ಒಂದು ಜೋಡಿ ಶೂ.

ನೀಲಿ. ಎಡಗಾಲಿನ ವೆಲ್ಕ್ರೋ ಹರಿದಿದೆ. ಒಳಗೆ ಒದ್ದೆ.

ಸಾದ್ ಬೆಳಿಗ್ಗೆ ಹಾಕಿಕೊಂಡು ಹೋದದ್ದು ಬಿಳಿಯದು, ಹೊಸತು. ತಪ್ಪಿ ಹಾಕಿಕೊಂಡಿರಬೇಕು. ಮಕ್ಕಳು ಹಾಗೇ. ಆದರೆ ಇದು ಅವನ ಕಾಲಿಗೆ ಹೋಗುವುದಿಲ್ಲ. ಹೋಗದೆ ಎಂಟು ತಿಂಗಳಾಯಿತು.

1.05

ಇವರ ಫೋನ್ ಬಂದು ಇಟ್ಟಾಯಿತು. ಬರೆಯದಿದ್ದರೆ ನಾನೇ ನಂಬಲಾರೆ.

"ನೀನು ಎಂತ ಮಾರಾಯ್ತಿ, ಮಗನನ್ನು ಬಿಟ್ಟೇ ಹೋಗಿದ್ದೀಯಲ್ಲ! ಬೆಂಚಿನಲ್ಲಿ ಒಬ್ಬನೇ ಕೂತಿದ್ದಾನೆ. ಕ್ಯಾಪ್ ಬೇರೆ ಯಾರೋ ತೆಗೆದುಕೊಂಡಿದ್ದಾರಂತೆ. ತಗೋ, ಮಾತಾಡು."

ಸಾದ್. ನನ್ನ ಸಾದ್‌ನದೇ ದನಿ. ಅಳುತ್ತಿರಲಿಲ್ಲ.

"ಉಮ್ಮಾ, ಯಾಕೆ ಬರ್ಲಿಲ್ಲ?"

ಒಳಕೋಣೆಯ ಬಾಗಿಲು ಅರ್ಧ ಮುಚ್ಚಿದೆ. ತೊಟ್ಟಿಲು ತೂಗುತ್ತಲೇ ಇದೆ. ಲುಜೈನ್ ಅಲ್ಲಿದ್ದಾಳೆ. ಎದ್ದು ಹೋಗಬೇಕು. ಅವನು ಅವಳಿಗೆ ಮೆಲ್ಲಗೆ ನಂಬರ್ ಕಲಿಸುತ್ತಿದ್ದಾನೆ. ಸಿಕ್ಸ್. ಸೆವೆನ್. ಎಯ್ಟ್ —