ಕೊನೆಯ ಸಂಪರ್ಕ: ಇಪ್ಪತ್ತು ದಿನಗಳ ಹಿಂದೆ

ಆಫೀಸಿನಿಂದ, ನಿನ್ನ ಮೇಜಿನ ಮುಂದೆ ಕೂತು
ತಾ. ೨೪, ಬುಧವಾರ, ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯಾ? ಫೋನಿನಲ್ಲಿ ಕೇಳಿದರೆ ‘ನಂಗೇನಾಗಿದೆ, ನೀವು ಹೇಗಿದ್ದೀರಾ ಹೇಳಿ’ ಅಂತ ಪ್ರಶ್ನೆಯನ್ನು ನನ್ನ ಕಡೆಗೇ ತಿರುಗಿಸಿಬಿಡುತ್ತೀಯ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊಟ ಸೇರುತ್ತಿದೆಯಾ? ಬಾಯಲ್ಲಿನ ಹುಣ್ಣು ಕಡಿಮೆಯಾಯಿತಾ? ನಿದ್ದೆ ಬರುತ್ತಿದೆಯಾ, ಇಲ್ಲಾ ಅಕ್ಕತಂಗಿಯರು ಇಬ್ಬರೂ ಸೇರಿ ಹಳೆಯ ಕಥೆ ಬಿಚ್ಚಿಕೊಂಡು ಕೂರುತ್ತೀರಾ? ನಾನು ಚೆನ್ನಾಗಿದ್ದೇನೆ. ಅಡುಗೆ ಮಾಡಿಕೊಳ್ಳುತ್ತಿದ್ದೇನೆ, ಅದನ್ನು ಅಡುಗೆ ಅಂತ ಕರೆಯುವುದು ನನ್ನ ದೊಡ್ಡತನ. ಮನೆಯಲ್ಲಿ ಎಲ್ಲವೂ ಇಟ್ಟಲ್ಲೇ ಇದೆ, ಇಡದಿರುವಲ್ಲಿ ಧೂಳಿದೆ.

ಆಫೀಸಿನ ಸಮಾಚಾರ ಹೇಳುತ್ತೇನೆ. ನಮ್ಮ ಅಳತೆಯ ಹುಡುಗ ‘ಟೇಪು’ ಹೋದ ಕಡೆಯಲ್ಲೆಲ್ಲ ನಿನ್ನನ್ನು ಕೇಳುವವರು ಸಿಗುತ್ತಾರಂತೆ. ‘ಮೇಡಮ್ಮು ಯಾವಾಗ ಬರ್ತಾರೆ, ನಕ್ಷೇಲಿ ಮೆಟ್ಟಿಲು ಅವರೇ ಹಾಕ್ಲಿ’ ಅನ್ನುತ್ತಾರಂತೆ. ನಾನು ಹಾಕಿದ ಮೆಟ್ಟಿಲು ಹತ್ತುವವರ ಮಂಡಿ ಹಾಳು ಅಂತ ಊರಿಗೆಲ್ಲ ಗೊತ್ತಾಗಿದೆ. ಟೈಪಿಸ್ಟ್ ‘ವಾರ್ತೆ’ ಎಂದಿನಂತೆ ಎಲ್ಲರ ಮನೆಯ ವಿಷಯವನ್ನೂ ಹತ್ತು ಗಂಟೆಯೊಳಗೆ ಬಿತ್ತರಿಸಿ ಮುಗಿಸುತ್ತಾಳೆ. ನಿನ್ನ ವಿಷಯ ಮಾತ್ರ ಬಾಯಿ ಬಿಡುವುದಿಲ್ಲ. ನಾನು ಬಂದ ಕೂಡಲೇ ಇಬ್ಬರೂ ಕೆಲಸದಲ್ಲಿ ಮುಳುಗಿದವರಂತೆ ತಲೆ ಬಗ್ಗಿಸುತ್ತಾರೆ. ನನಗೆ ಅದು ಸಹಿಸುವುದಕ್ಕಾಗುವುದಿಲ್ಲ. ಮೊನ್ನೆ ಇಬ್ಬರ ಮೇಲೂ ಸುಮ್ಮಸುಮ್ಮನೆ ಎಗರಾಡಿದೆ, ಆಮೇಲೆ ನಾನೇ ಟೀ ತರಿಸಿ ಕೊಟ್ಟೆ.

ನಿನ್ನ ಆ ವಿಪಿಎನ್ ವಿಷಯಕ್ಕೆ ಬರುತ್ತೇನೆ. ಚಿಕಿತ್ಸೆಗೆ ಅಂತ ಅಕ್ಕನ ಮನೆಗೆ ಹೊರಡುವ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೀನು ಹೇಳಿದ್ದು ಒಂದೇ ಮಾತು: ‘ಅಲ್ಲಿಂದ ಕೆಲಸ ಮಾಡೋ ಹಾಗೆ ಮಾಡ್ಕೊಡಿ. ಇಲ್ಲಾಂದ್ರೆ ನಾನು ಬರೀ ರೋಗಿ ಆಗಿಬಿಡ್ತೀನಿ.’ ಹೂಂ ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಅದು ಏನು ಎತ್ತ ಅಂತ ಓದಿದೆ. ನಮ್ಮ ನಕ್ಷೆಗಳೆಲ್ಲ ಇರುವ ಆಫೀಸಿನ ಆ ಕಂಪ್ಯೂಟರ್ ಪೆಟ್ಟಿಗೆಯನ್ನು ನೀನು ಎಲ್ಲೋ ದೂರದಲ್ಲಿ ಕೂತು, ಇಲ್ಲೇ ಪಕ್ಕದಲ್ಲಿದ್ದಂತೆ ತೆರೆಯಬೇಕು. ಬೇರೆ ಯಾವ ನರಪಿಳ್ಳೆಗೂ ಆ ದಾರಿ ಕಾಣಬಾರದು. ಅಷ್ಟೇ ತಾನೇ ಅಂದುಕೊಂಡೆ. ಅಷ್ಟೇ ಅನ್ನುವುದರೊಳಗೆ ಎಷ್ಟೆಲ್ಲ ಇರುತ್ತದೆ ನೋಡು. ಮೊದಲು ಸಿಕ್ಕಿದ ಸುದ್ದಿ, ನಮ್ಮ ಆಫೀಸಿಗೆ ಹೊರಗಿನವರು ಹುಡುಕಿಕೊಂಡು ಬರಲು ಕಾಯಂ ವಿಳಾಸವೇ ಇಲ್ಲವಂತೆ, ಎರಡು ದಿನಕ್ಕೊಮ್ಮೆ ಬದಲಾಗುತ್ತದಂತೆ. ಇಂಟರ್ನೆಟ್ ಕಂಪನಿಗೆ ಹೋಗಿ ಅರ್ಜಿ ತುಂಬಿದೆ. ‘ಯಾತಕ್ಕಾಗಿ ಬೇಕು’ ಅನ್ನುವ ಕಡೆ ಏನು ಬರೆಯಬೇಕೋ ತೋಚದೆ ‘ಹೆಂಡತಿ ಆಫೀಸಿಗೆ ಬರಲು’ ಅಂತ ಬರೆದೆ. ಕೌಂಟರಿನಾಕೆ ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ ಮುದ್ರೆ ಹಾಕಿದಳು. ಅವಳಿಗೆ ಏನು ಅರ್ಥವಾಯಿತೋ ಏನೋ. ಅರ್ಜಿ ಮಂಜೂರಾಗುವ ಹೊತ್ತಿಗೆ ಎರಡು ವಾರ ಹೋಯಿತು.

ಆಮೇಲೆ ಆ ದಾರಿ ತೆರೆಯುವ ಕೀಲಿ. ಕೀಲಿ ಅಂದರೆ ನಲವತ್ತನಾಲ್ಕು ಅಕ್ಷರಗಳ ಒಂದು ಸಾಲು, ತಲೆಯಿಲ್ಲ ಬುಡವಿಲ್ಲ. ಅದನ್ನು ಮೆಸೇಜಿನಲ್ಲಿ ಕಳಿಸಬಾರದು ಅಂತ ಯಾರೋ ಬರೆದದ್ದನ್ನು ಓದಿ, ನಾನು ಮಹಾ ಜಾಣ, ಫೋನಿನಲ್ಲೇ ಓದಿ ಹೇಳುತ್ತೇನೆ ಅಂತ ಕೂತೆ. ‘ದೊಡ್ಡ ಕೆ, ಚಿಕ್ಕ ಕೆ, ಸೊನ್ನೆ, ಅಲ್ಲ ಅಲ್ಲ, ಓ, ಗುಂಡಗಿರೋ ಓ’ ಅನ್ನುವಷ್ಟರಲ್ಲಿ ನೀನು ನಗಲು ಶುರು ಮಾಡಿದೆ. ಮೂರು ಸಲ ಮೊದಲಿನಿಂದ ಓದಿದೆ. ಮೂರನೇ ಸಲ ಬೇಕೆಂದೇ ತಪ್ಪಾಗಿ ಓದಿದೆ ಕಣೇ. ನಿನ್ನ ನಗು ಕೇಳಿ ಎಷ್ಟು ದಿನವಾಗಿತ್ತು!

ಕೀಲಿ ಕೂತಿತು, ಎರಡೂ ಕಡೆ ಹಸಿರು ದೀಪ ಹತ್ತಿತು, ಆದರೆ ನಿನಗೆ ಒಂದೇ ಒಂದು ನಕ್ಷೆಯೂ ತೆರೆಯಲಿಲ್ಲ. ಆರು ದಿನ ತಲೆ ಕೆಡಿಸಿಕೊಂಡೆ. ಭಾವ ಬೇರೆ ತಮ್ಮ ಸೊಂಟನೋವಿನಲ್ಲೂ ಮೇಜಿನ ಕೆಳಗೆ ತೂರಿಕೊಂಡು, ಟಾರ್ಚು ಹಿಡಿದು, ಅಲ್ಲಿನ ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿ ಓದಿ ಹೇಳಿದರು. ಕೇಳಿ ಹಣೆ ಹಣೆ ಬಡಿದುಕೊಂಡೆ. ನಮ್ಮ ಆಫೀಸಿನ ಒಳಗಿನ ಯಂತ್ರಗಳಿಗೆ ಕೊಟ್ಟ ನಂಬರುಗಳೂ ಅವರ ಮನೆಯ ಒಳಗಿನ ನಂಬರುಗಳೂ ಒಂದೇ! ಎರಡು ಕಡೆಯೂ ಡಬ್ಬದಿಂದ ತೆಗೆದಾಗ ಹೇಗಿತ್ತೋ ಹಾಗೇ ಬಿಟ್ಟಿದ್ದೆವು. ನೀನು ಅಲ್ಲಿ ಕೂತು ಹತ್ತನೇ ನಂಬರಿನ ಪೆಟ್ಟಿಗೆ ಬೇಕು ಅಂದರೆ, ನಿನ್ನ ಕಂಪ್ಯೂಟರು ಅಷ್ಟು ದೂರ ಯಾಕೆ ಹೋಗಲಿ ಅಂತ ಆ ಮನೆಯೊಳಗಿನ ಹತ್ತನೇ ನಂಬರಿನ ಬಾಗಿಲನ್ನೇ ತಟ್ಟುತ್ತಿತ್ತು. ಅಲ್ಲಿ ಹತ್ತನೇ ನಂಬರು ಅಂದರೆ ಭಾವನ ಟಿವಿ. ಆರು ದಿನ ನೀನು ಟಿವಿಯ ಹತ್ತಿರ ನಕ್ಷೆ ಕೇಳುತ್ತಿದ್ದೆ. ಬೀದಿ ಬೀದಿಯ ಮನೆಗಳಿಗೆ ನಂಬರು ಹಾಕಿ ನಕ್ಷೆ ಬರೆದುಕೊಡುವ ನಾನು ಮಾಡಬಹುದಾದ ತಪ್ಪಾ ಇದು? ಆಫೀಸಿನ ನಂಬರುಗಳನ್ನೆಲ್ಲ ಕಿತ್ತು ಬೇರೆ ಹಾಕಿದೆ. ಪ್ರಿಂಟರಿಗೆ ಅದು ಹಿಡಿಸಲಿಲ್ಲ, ಎರಡು ದಿನ ಮುನಿಸಿಕೊಂಡಿತ್ತು.

ನಾಲ್ಕನೇ ತಾರೀಕು, ಗುರುವಾರ, ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನೀನು ಆಫೀಸಿಗೆ ಬಂದೆ. ಯಾರು ಒಳಗಿದ್ದಾರೆ ಅಂತ ಪರದೆಯ ಮೇಲೆ ತೋರಿಸುವ ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ‘ಈಗ ಸಂಪರ್ಕದಲ್ಲಿದ್ದಾರೆ’ ಅಂತ ಬಂತು. ವಾರ್ತೆ ಚಪ್ಪಾಳೆ ತಟ್ಟಿದಳು. ಟೇಪು ಎದ್ದು ನಿಂತು, ನೀನೇ ಒಳಗೆ ಬಂದಂತೆ, ನಿನ್ನ ಕುರ್ಚಿಯ ಮೇಲಿದ್ದ ಅವನ ಚೀಲ ತೆಗೆದ. ನೀನು ಮೊದಲು ದವಾಖಾನೆ ಕಟ್ಟಡದ ಮೆಟ್ಟಿಲಿನ ನಕ್ಷೆ ತೆರೆದೆ. ಕೊನೆಯ ಮೆಟ್ಟಿಲು ಎರಡು ಸೆಂಟಿಮೀಟರು ಎತ್ತರವಾಗಿತ್ತು, ಸರಿ ಮಾಡಿದೆ. ಆಮೇಲೆ ಹಳೆಯ ನಕ್ಷೆಗಳನ್ನು ಒಂದೊಂದಾಗಿ ತೆರೆದು ಮುಚ್ಚಿದೆ, ಒಟ್ಟು ಹನ್ನೊಂದು. ಮೆಟ್ಟಿಲು ಬಿಟ್ಟರೆ ಯಾವುದಕ್ಕೂ ಕೈ ಹಚ್ಚಲಿಲ್ಲ. ಹನ್ನೊಂದೂವರೆಗೆ ನೀನು ಹೋದೆ. ಆ ಇಪ್ಪತ್ತು ನಿಮಿಷ ನಾವು ಮೂವರೂ ಪರದೆಯ ಮುಂದೆಯೇ ಕೂತಿದ್ದೆವು.

ಮಾರನೇ ದಿನ ನೀನು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಕೇಳಿದರೆ ‘ನೆಟ್ ಸರಿ ಇಲ್ಲಾರೀ’ ಅಂದೆ. ನಾನು ಕೇಬಲ್ಲು ಬದಲಿಸಿದೆ. ಕರೆಂಟು ಹೋದರೂ ನಿಲ್ಲಬಾರದು ಅಂತ ರೂಟರಿಗೆ ಬೇರೆ ಬ್ಯಾಟರಿ ಕೂರಿಸಿದೆ. ಕೀಲಿ ಹಳತಾಯಿತೇನೋ ಅಂತ ಹೊಸದು ಮಾಡಿದೆ. ಇಂಟರ್ನೆಟ್ ಕಂಪನಿಯವರ ಜೊತೆ ಹಾರಾಡಿದೆ. ಪಾಪ, ಅವರು ಬಂದು ಎಲ್ಲ ನೋಡಿ ‘ಸರ್, ನಿಮ್ಮ ಕಡೆ ಎಲ್ಲಾ ಸರಿಯಾಗಿದೆ’ ಅಂದರು. ನನ್ನ ಕಡೆ ಎಲ್ಲಾ ಸರಿಯಾಗಿದೆಯಂತೆ! ಅವರನ್ನು ಹೊಡೆಯುವುದೊಂದು ಬಾಕಿ. ನಾನೇ ನಮ್ಮ ಮನೆಯಿಂದ ಕೂತು ಪ್ರಯತ್ನಿಸಿದೆ, ಬಸ್ ಸ್ಟ್ಯಾಂಡಿನಿಂದ ಪ್ರಯತ್ನಿಸಿದೆ, ಎಲ್ಲಿಂದ ಕೇಳಿದರೂ ನಕ್ಷೆ ಥಟ್ಟನೆ ತೆರೆಯುತ್ತದೆ. ಇಷ್ಟು ಗಟ್ಟಿಯಾದ ಕೆಲಸವನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ.

ಈಗಲೂ ಬೆಳಿಗ್ಗೆ ಬಾಗಿಲು ತೆಗೆದು ಮೊದಲು ನೋಡುವುದು ಆ ಪಟ್ಟಿಯನ್ನೇ. ‘ಕೊನೆಯ ಸಂಪರ್ಕ: ಇಪ್ಪತ್ತು ದಿನಗಳ ಹಿಂದೆ.’ ನಿನ್ನೆ ಹತ್ತೊಂಬತ್ತು ಇತ್ತು. ನಾಳೆ ಏನಿರುತ್ತದೆ ಅಂತ ಗೊತ್ತಿದ್ದರೂ ನೋಡುತ್ತೇನೆ. ಆಸೆಯಿಂದ ನೋಡುತ್ತೇನೆ ಅಂತ ತಿಳಿಯಬೇಡ, ಅದು ಹೋಗಿ ಸುಮಾರು ದಿನವಾಯಿತು. ರೂಢಿಯಾಗಿಬಿಟ್ಟಿದೆ. ಇನ್ನೊಂದು ಸಂಗತಿ, ಬೈಯಬೇಡ. ನಿನ್ನ ಪಾಲಿನ ನಕ್ಷೆಗಳನ್ನು ನಾನೇ ಬರೆದು, ಮೂಲೆಯಲ್ಲಿ ನಿನ್ನ ಹೆಸರು ಹಾಕಿ ಕಳಿಸುತ್ತಿದ್ದೇನೆ. ಗಿರಾಕಿಗಳು ಮೇಡಮ್ಮು ಕೆಲಸಕ್ಕೆ ಮರಳಿದರು ಅಂತ ಖುಷಿಯಾಗಿದ್ದಾರೆ. ಮೆಟ್ಟಿಲು ಬಂದಾಗ ಮಾತ್ರ ನಿನ್ನ ಹಳೆಯದನ್ನೇ ನಕಲು ಮಾಡುತ್ತೇನೆ.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ಹೇಳು. ಅಕ್ಕ ಕೊಟ್ಟದ್ದನ್ನು ಬೇಡ ಅನ್ನದೆ ಎರಡು ತುತ್ತಾದರೂ ತಿನ್ನು. ಕಾಲು ಬೆಚ್ಚಗಿಟ್ಟುಕೋ. ನನ್ನ ಆಯಸ್ಸನ್ನು ಹಂಚಿಕೊಳ್ಳುವುದಕ್ಕಾಗುವಂತಿದ್ದರೆ ಈ ಕಾಗದದ ಜೊತೆಗೇ ಮಡಿಸಿ ಕಳಿಸುತ್ತಿದ್ದೆ.

ನಿನ್ನ
‘ಇವರು’

ತಾ.ಕ. — ಕೊರಿಯರಿನವನು ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನ ಅಷ್ಟುದ್ದ ವೈರು, ಕೀಲಿ, ಬ್ಯಾಟರಿ ಎಲ್ಲ ಬರೆದದ್ದು ಇದನ್ನು ಬರೆಯುವ ಧೈರ್ಯ ಬರಲಿ ಅಂತ. ನನಗೆ ಗೊತ್ತಾಗಿದೆ ಕಣೇ. ಹೋದ ಶನಿವಾರ ಭಾವನಿಗೆ ಫೋನು ಮಾಡಿ, ಇನ್ನೊಂದು ಸಲ ಮೇಜಿನ ಕೆಳಗೆ ಹೋಗಿ ರೂಟರು ನೋಡಿ ಅಂತ ಕಾಡಿದೆ. ‘ನೆಟ್ಟಿಗೇನೂ ಆಗಿಲ್ಲಪ್ಪ’ ಅಂತ ಅತ್ತುಬಿಟ್ಟರು. ಮೂರನೇ ತಾರೀಕೇ ರಿಪೋರ್ಟು ಬಂದದ್ದು, ಇನ್ನು ಔಷಧ ಹಾಕಿ ಉಪಯೋಗವಿಲ್ಲ ಅಂತ ಡಾಕ್ಟರು ಹೇಳಿದ್ದು, ಮಾರನೇ ದಿನ ಎರಡು ಕಡೆ ದಿಂಬು ಕೊಟ್ಟು ನಿನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದು, ಎಲ್ಲಾ ಹೇಳಿದರು. ಅವರನ್ನು ಬೈಯಬೇಡ. ನನ್ನಿಂದ ಮುಚ್ಚಿಟ್ಟೆ ಅಂತ ನನಗೆ ಸಿಟ್ಟಿಲ್ಲ. ಮೊದಲ ದಿನ ಇತ್ತು, ಈಗ ಇಲ್ಲ. ಇನ್ನು ಫೋನಿನಲ್ಲಿ ನೆಟ್ ಸರಿ ಇಲ್ಲ ಅನ್ನಬೇಡ. ಸುಸ್ತಾಗಿದೆ ಅನ್ನು, ನೋವಾಗುತ್ತಿದೆ ಅನ್ನು, ಭಯವಾಗುತ್ತಿದೆ ಅನ್ನು. ನನಗೂ ಆಗುತ್ತಿದೆ. ನಾನು ಬಂದಾಗ ನೀನು ನಗುಮುಖ ಹೊತ್ತು ಕೂರುವ ಕಷ್ಟ ಬೇಡ ಅಂತಲೇ ಈ ಕಾಗದ ಮುಂದೆ ಕಳಿಸುತ್ತಿದ್ದೇನೆ. ಆಫೀಸಿನ ಬೀಗದ ಕೈ ಟೇಪುವಿಗೆ ಕೊಡುತ್ತೇನೆ. ಈ ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ವಾಪಸ್ಸು ಬರುವ ಟಿಕೆಟ್ಟು ತೆಗೆಸಿಲ್ಲ.